ಬಿಡ್ತು ಅನ್ನಿ!

ಮನೆಯ ಹಿರಿಯರು ಸಾವಿನ ಮಾತೆತ್ತಿದರೆ ನೀವೇನು ಮಾಡುತ್ತೀರಿ? “ಬಿಡ್ತು ಅನ್ನಿ, ದೀಪ ಹಚ್ಚೋ ಹೊತ್ನಲ್ಲಿ ಎಂಥಾ ಮಾತು!” ಎಂದು ಬಾಯಿ ಮುಚ್ಚಿಸುತ್ತೀರಲ್ಲವೆ? ನಾನೂ ಹಾಗೇ ಮಾಡುತ್ತಿದ್ದೆ, ಕಳೆದ ಮೇ ತಿಂಗಳ ಒಂದು ಮಳೆಯವರೆಗೆ.

ಬೆಂಗಳೂರಿನ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಮಳೆಮರವಿತ್ತು. ನಮ್ಮತ್ತೆ 1962ರಲ್ಲಿ ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರವಂತೆ. ಅವರು ಜಟಕಾ ಇಳಿದದ್ದು ಅದರ ನೆರಳಲ್ಲೇ. ಸಂಜೆಯಾದರೆ ಅದರ ಎಲೆಗಳು ಕೈಮುಗಿದಂತೆ ಮಡಚಿಕೊಳ್ಳುತ್ತಿದ್ದವು. “ಮರ ಮಲಗ್ತು, ದೀಪ ಹಚ್ಚಮ್ಮ” ಎನ್ನುತ್ತಿದ್ದರು ಅತ್ತೆ.

ಆ ರಾತ್ರಿಯ ಗಾಳಿಮಳೆಗೆ ಮರ ಉರುಳಿತು. ಬೆಳಿಗ್ಗೆ ನೋಡಿದರೆ ಕೊಂಬೆಗಳೆಲ್ಲ ಹಸಿರೋ ಹಸಿರು, ಬುಡ ಮಾತ್ರ ಟೊಳ್ಳು. ಚರಂಡಿ ಅಗೆದಾಗ ಬೇರು ಕಡಿದಿದ್ದರು. ಬುಡದವರೆಗೂ ಕಾಂಕ್ರೀಟು ಹಾಕಿದ್ದರು. ಹಿಡಿತ ತಪ್ಪಿದ ಮರ ಎಷ್ಟು ದಿನ ನಿಂತೀತು?

ಅತ್ತೆಗೆ ತಿಳಿಯದಿರಲೆಂದು ಕಿಟಕಿ ಮುಚ್ಚಿದೆ. ಗರಗಸದ ಸದ್ದು ಮುಚ್ಚಲಾದೀತೆ? ಕೋಲೂರಿಕೊಂಡು ಗೇಟಿನವರೆಗೆ ಬಂದು, ಬಹಳ ಹೊತ್ತು ನೋಡುತ್ತ ನಿಂತರು.

“ನನ್ನ ಹಾಗೇ ಕಣಮ್ಮ. ನೋಡೋರಿಗೆ ಗಟ್ಟಿ, ಒಳಗೆ ಟೊಳ್ಳು. ಇವತ್ತಾದ್ರೂ ನನ್ನ ಮಾತು ಕೇಳ್ತೀಯಾ?”

“ಬಿಡ್ತು...” ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಪಕ್ಕದಲ್ಲಿ ಕುಳಿತೆ.

ಅವರು ಕೇಳಿದ್ದು ಹೆಚ್ಚೇನಲ್ಲ. ಆಸ್ಪತ್ರೆಯಲ್ಲಿ ನಳಿಗೆ ಚುಚ್ಚಿ ದಿನ ಎಳೆಯಬಾರದು. ಧಾರೆ ಸೀರೆ ಮೊಮ್ಮಗಳಿಗೆ. ಮಾತು ಬಿಟ್ಟ ತಂಗಿಯನ್ನು ಒಮ್ಮೆ ಕರೆಸಬೇಕು. ಎಷ್ಟು ವರ್ಷದಿಂದ ಇವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೋ! ಅವರ ಬಾಯಿ ಮುಚ್ಚಿಸುವುದು ಪ್ರೀತಿಯೆಂದುಕೊಂಡಿದ್ದೆ. ಅದು ನನ್ನ ಹೆದರಿಕೆಯಷ್ಟೇ ಆಗಿತ್ತು.

ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂ ಬಿಡುವಂತೆ ಯೋಚಿಸಿ ನೆಡಿಸಿದವರು ಲಾಲ್‌ಬಾಗಿನ ಕೃಂಬಿಗಲ್. ಜರ್ಮನಿಯಿಂದ ಬಂದ ಅವರು 1956ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ನೆಟ್ಟವರು ಹೋದರೂ ನೆರಳು ಉಳಿಯಿತು. ಈಗ ಮರಗಳೂ ಒಂದೊಂದಾಗಿ ಹೋಗುತ್ತಿವೆ. ಉಳಿದವಕ್ಕಾದರೂ ಬುಡದಲ್ಲಿ ನಾಲ್ಕಡಿ ಮಣ್ಣು ಬಿಡೋಣ.

ತಂಗಿ ಬಂದರು. ಇಪ್ಪತ್ತು ವರ್ಷದ ಮುನಿಸು ಒಂದು ಲೋಟ ಕಾಫಿಯಲ್ಲಿ ಕರಗಿತು. ಅತ್ತೆ ಇನ್ನೂ ನಮ್ಮೊಂದಿಗಿದ್ದಾರೆ, ಮೊದಲಿಗಿಂತ ಹಗುರಾಗಿದ್ದಾರೆ. ಸಂಜೆ ಮಡಚಿಕೊಳ್ಳಲು ಎಲೆಗಳಿಲ್ಲ. ಆದರೂ ಮೂಲೆಯ ಬರಿ ಆಕಾಶ ನೋಡಿ, “ದೀಪ ಹಚ್ಚಮ್ಮ” ಎನ್ನುತ್ತಾರೆ.

ನಿಮ್ಮ ಮನೆಯ ಹಿರಿಯರೂ ಆ ಮಾತೆತ್ತಿದಾಗ, ಒಂದು ಸಲ “ಬಿಡ್ತು ಅನ್ನಿ” ಎನ್ನದೆ ಪಕ್ಕದಲ್ಲಿ ಕುಳಿತು ಕೇಳಿ ನೋಡಿ.