ಅತ್ತೆ ಹೊರಟು ನಿಂತ ದಿನ

ನೋಟು ರದ್ದಾದ ವರ್ಷದ ಮಾತು. 2016. ಬ್ಯಾಂಕಿನ ಮುಂದೆ ನಿಂತ ಸಾಲುಗಳಿಂದಾಗಿ ವರ್ಷ ಮರೆಯುವ ಹಾಗಿಲ್ಲ. ತಾರೀಖು ಕೇಳಿದರೆ ಮಾತ್ರ ತಡವರಿಸುತ್ತೇನೆ, ನವೆಂಬರ್ ಮುಗಿದು ಡಿಸೆಂಬರ್ ಹಿಡಿಯುವ ಸಂದು ಅಂತಿಟ್ಟುಕೊಳ್ಳಿ. ಆ ಸಲ ಮಳೆ ಕೈಕೊಟ್ಟು ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದ ಕಡೆ ರಾಗಿ ಮೊಳಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಅವರೆ ಮಾತ್ರ ಅಲ್ಲಲ್ಲಿ ಹೂ ಕಚ್ಚಿ, ಬೆಳಗಿನ ಮಂಜಿಗೆ ಸೊಗಡು ತುಂಬಿಕೊಂಡಿತ್ತು. ಅತ್ತೆ ಜಗಲಿ ಮೇಲೆ ಮೊರ ಇಟ್ಟುಕೊಂಡು ಅವರೇಕಾಯಿ ಸುಲಿಯುತ್ತಾ ಕೂತಿದ್ದಾಗಲೇ ಮಾವ ಟೀವಿ ಮುಂದಿನಿಂದ ಎದ್ದು ಬಂದದ್ದು.

ಮಾವನ ವಿಷಯ ಒಂದಿಷ್ಟು ಹೇಳದೆ ಮುಂದಕ್ಕೆ ಹೋದರೆ ಕಥೆ ಕುಂಟುತ್ತೆ. ನನ್ನ ಸೋದರಮಾವ. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೇನೆಯ ಎಂಜಿನಿಯರ್ ಪಡೆಗೆ, ಹುಡುಗನಾಗಿ ಸೇರಿ ಹವಾಲ್ದಾರ್ ಆಗಿ ಹೊರಬಂದವರು. 1780ರಷ್ಟು ಹಳೆಯ ಪಡೆ ಅದು, ಅಲ್ಲಿನ ಜವಾನರನ್ನು ಇವತ್ತಿಗೂ 'ತಂಬಿ' ಅಂತಲೇ ಕರೆಯುತ್ತಾರೆ. ಪಡೆ ಬಿಟ್ಟು ಎಷ್ಟೋ ವರ್ಷವಾದರೂ ಮಾವ ಐದು ಗಂಟೆಗೆ ಎದ್ದು ಗಡ್ಡ ಹೆರೆದುಕೊಳ್ಳೋರು. ಮಂಡಿವರೆಗೆ ಧೂಳು ಏರುವ ಊರಲ್ಲಿ ದಿನಾ ಬೂಟಿಗೆ ಪಾಲಿಶ್. ಕಂಬಳಿ ಮಡಿಸಿದರೆ ಅಳತೆಪಟ್ಟಿ ಇಟ್ಟು ಕತ್ತರಿಸಿದ ಹಾಗೆ. ಎತ್ತುಗಳ ಜೊತೆ ಹಿಂದಿ, ಸಿಟ್ಟು ಬಂದರೆ ನಮ್ಮ ಜೊತೆ ತಮಿಳು. ಕ್ಯಾಂಟೀನಿನಿಂದ ತರುವ ರಮ್ಮನ್ನು ತಾವು ಮುಟ್ಟುತ್ತಿರಲಿಲ್ಲ, 'ಔಷಧಕ್ಕೆ' ಅಂತ ಬೀರುವಿನಲ್ಲಿಡೋರು. ಮಿಲ್ಟ್ರಿಯವರ ನೆಂಟರಿಗೆ ಯಾಕೋ ಕೆಮ್ಮು ಜಾಸ್ತಿ, ನಮ್ಮ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಆವತ್ತು ಮಾವ ಮೊದಲು ಹೇಳಿದ್ದಿಷ್ಟೇ: "ನಮ್ಮ ಸ್ಯಾಪರ್ ಒಬ್ಬ ಹೋದ. ಮನೆ ಸಾದಹಳ್ಳೀಲಂತೆ. ಓಮ್ನಿ ತೆಗಿ."

ಹೋದವರು ಮೇಜರ್ ಅಕ್ಷಯ್ ಗಿರೀಶ್. ನವೆಂಬರ್ 29ರ ಬೆಳಗಿನ ಜಾವ ಜಮ್ಮು ಹತ್ತಿರದ ನಗ್ರೋಟಾದಲ್ಲಿ, ಪೊಲೀಸರ ವೇಷದಲ್ಲಿ ಬಂದ ಭಯೋತ್ಪಾದಕರು ಸೇನಾ ಶಿಬಿರಕ್ಕೆ ನುಗ್ಗಿದ್ದರು. ಅಧಿಕಾರಿಗಳ ಸಂಸಾರಗಳಿದ್ದ ಕಟ್ಟಡಕ್ಕೂ ಹೊಕ್ಕಿದ್ದರು. ಒಳಗಿದ್ದವರನ್ನು ಬಿಡಿಸಿ ತರುವ ಕಾಳಗದಲ್ಲಿ ಅಕ್ಷಯ್ ತೀರಿಕೊಂಡರು. ವಯಸ್ಸು 31. ಆ ದಿನ ಸೇನೆ ಏಳು ಜನರನ್ನು ಕಳೆದುಕೊಂಡಿತು. ಅಕ್ಷಯ್ ರೂರ್ಕಿಯ ಬಂಗಾಳ ಸ್ಯಾಪರ್ಸ್‌ನವರು, ನಮ್ಮ ಮಾವನವರ ಪಡೆಯಲ್ಲ. ಮಾವನಿಗೆ ಆ ಲೆಕ್ಕವಿಲ್ಲ. ಮದ್ರಾಸಾಗಲಿ, ಬಂಗಾಳವಾಗಲಿ, ಸ್ಯಾಪರ್ ಅಂದರೆ ಸ್ಯಾಪರ್. ಅಕ್ಷಯ್ ಅವರ ತಂದೆ ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ತಾತ ಕರ್ನಲ್. ಇಷ್ಟನ್ನೂ ಮಾವ ಟೀವಿಯಿಂದ ಕೇಳಿಸಿಕೊಂಡು ಬಂದು ಜಗಲಿಯಲ್ಲಿ ವರದಿ ಒಪ್ಪಿಸಿದರು.

ಇನ್ನೊಂದು ಸಂಗತಿಯನ್ನೂ ಹೇಳಿದರು. ಆ ಕಟ್ಟಡದಲ್ಲಿ ಅಧಿಕಾರಿಗಳ ಹೆಂಡಂದಿರು ಇಬ್ಬರು, ಹಸುಗೂಸುಗಳನ್ನು ಇಟ್ಟುಕೊಂಡು, ಮನೆ ಸಾಮಾನನ್ನೇ ಬಾಗಿಲಿಗೆ ಅಡ್ಡ ಕೊಟ್ಟು ಬಂದೂಕಿನವರನ್ನು ಒಳಗೆ ಬಿಡಲಿಲ್ಲವಂತೆ. ಅತ್ತೆ ಸುಲಿಯೋದು ನಿಲ್ಲಿಸಿದರು.

"ಯಾವ ಸಾಮಾನು? ಬೀರೂನಾ, ಮಂಚಾನಾ?"

"ಅದನ್ನೆಲ್ಲ ಹೇಳ್ತಾರಾ ಟೀವೀಲಿ?"

"ಅದನ್ನೇ ಹೇಳ್ಬೇಕಾಗಿತ್ತು," ಅಂದವರೇ ಅತ್ತೆ ಎದ್ದು ಒಳಗೆ ಹೋಗಿ, ಸೀರೆ ಬದಲಾಯಿಸಿಕೊಂಡು ಬಂದು ಓಮ್ನಿ ಪಕ್ಕ ನಿಂತರು. ಅತ್ತೆ ಊರು ಬಿಟ್ಟು ಹೊರಡುತ್ತಿದ್ದದ್ದು ಘಾಟಿ ಜಾತ್ರೆಗೆ, ಇಲ್ಲವೇ ಯಾರಾದರೂ ಹೆತ್ತರೆ ಸತ್ತರೆ. ಮಾವ "ನೀನ್ಯಾಕೆ?" ಅಂದರು. ಅತ್ತೆ ನನ್ನ ಕಡೆ ತಿರುಗಿ, "ಬಾಗ್ಲು ತೆಗಿಯಪ್ಪ" ಅಂದರು.

ಮಾವ ಬ್ಲೇಜರ್ ಹಾಕಿ ಎಡಗಡೆ ಎದೆ ಮೇಲೆ ಪದಕ ಸಾಲು ಚುಚ್ಚಿಕೊಂಡಿದ್ದರು. ಅದರಲ್ಲಿ 71ರ ಪಶ್ಚಿಮದ ಯುದ್ಧದ ಪದಕವೂ ಇತ್ತು. ಸ್ವಂತ ಪದಕ ಎಡಕ್ಕೆ, ಸತ್ತವರ ಪದಕ ಮನೆಯವರು ಹಾಕಿಕೊಂಡರೆ ಬಲಕ್ಕೆ. ಇದು ಮಾವ ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದು. ಅತ್ತೆ ಮಡಿಲಲ್ಲಿ ಬಾಳೆಲೆಯಲ್ಲಿ ಸುತ್ತಿದ ಕನಕಾಂಬರ. ಸಾದಹಳ್ಳಿಯ ಟೋಲ್ ಗೇಟಲ್ಲೂ ಆ ದಿನಗಳಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಚಿಲ್ಲರೆ ಇಲ್ಲದ ಕಾಲ ಅಂತ ಸರ್ಕಾರವೇ ಬಿಟ್ಟಿತ್ತು. ಜೇಬಲ್ಲಿ ಒಂದೇ ಒಂದು ಎರಡು ಸಾವಿರದ ಗುಲಾಬಿ ನೋಟಿದ್ದ ನನಗೆ ಅದೊಂದು ಪುಣ್ಯ.

ಅಲ್ಲಿ ಎಷ್ಟು ಹೊತ್ತು ಕಾದೆವು, ಹೊತ್ತು ಏರುತ್ತಿತ್ತೋ ಇಳಿಯುತ್ತಿತ್ತೋ, ನನ್ನ ನೆನಪು ಮಸುಕು. ಮನೆ ತನಕ ನಾವು ಹೋಗಲಿಲ್ಲ, ರಸ್ತೆ ಬದಿ ಜನರ ನಡುವೆ ನಿಂತೆವು. ಬಾವುಟ ಹಿಡಿದ ಮಕ್ಕಳು, ವಿಮಾನ ನಿಲ್ದಾಣದ ಟ್ಯಾಕ್ಸಿಯವರು, ಮೊಬೈಲ್ ಎತ್ತಿ ಹಿಡಿದವರು. ತಲೆ ಮೇಲೆ ನಿಮಿಷಕ್ಕೊಂದು ವಿಮಾನ. ಕಾಯುವಾಗ ಅತ್ತೆ, ಯಾರಿಗೂ ಹೇಳುತ್ತಿಲ್ಲ ಎನ್ನುವ ಹಾಗೆ, 71ರ ಮಾತು ತೆಗೆದರು.

ನಾನಾಗ ಅಜ್ಜಿ ಮನೆಯಲ್ಲಿ ಓದುತ್ತಿದ್ದ ಸಣ್ಣ ಹುಡುಗ. ಅತ್ತೆ ಹೊಸ ಸೊಸೆ. ಮಾವ ಪಂಜಾಬಿನ ಆಚೆ ಶಕರ್‌ಗಢದ ಕಡೆ. ಬಸಂತರ್ ನದಿ ದಾಟಲು ಟ್ಯಾಂಕುಗಳಿಗೆ ದಾರಿ ಮಾಡಿಕೊಡಬೇಕು, ಅಂದರೆ ಶತ್ರು ಹೂತಿಟ್ಟ ಮೈನುಗಳನ್ನು ಸ್ಯಾಪರ್‌ಗಳು ಮುಂದೆ ಹೋಗಿ ತೆಗೆಯಬೇಕು. ಇದೆಲ್ಲ ನಮಗೆ ತಿಳಿದದ್ದು ಬಹಳ ಕಾಲದ ಮೇಲೆ. ಆಗ ಗೊತ್ತಿದ್ದದ್ದು '56 ಎಪಿಒ' ಅನ್ನೋ ವಿಳಾಸ ಒಂದೇ. ಅದು ಯಾವ ಊರು ಅಂತ ಅಜ್ಜಿ ಮೇಷ್ಟರನ್ನು ಕೇಳಿ ಕೇಳಿ ಸೋತಿದ್ದಳು. ಡಿಸೆಂಬರ್ ನಡುವೆ ಯುದ್ಧ ನಿಂತಿತು ಅಂತ ರೇಡಿಯೋ ಹೇಳಿತು. ಕಾಗದ ಬರಲಿಲ್ಲ.

"ಪೋಸ್ಟಿನಪ್ಪನ ಸೈಕಲ್ ಬೆಲ್ಲು ಕೇಳಿದ್ರೆ ಎದೆ ನಡಗೋದು," ಅಂದರು ಅತ್ತೆ. "ಕಾಗ್ದ ಆದ್ರೆ ಸರಿ, ತಂತಿ ಆಗಿದ್ರೆ? ಅದಕ್ಕೇ ಅವನು ಬರೋ ಹೊತ್ತಿಗೆ ರಾಗಿ ಬೀಸಕ್ಕೆ ಕೂತ್ಕಣೋಳು. ಕಲ್ಲಿನ ಸದ್ದಲ್ಲಿ ಬೆಲ್ಲು ಕೇಳ್ಸಲ್ಲ. ರಾಗಿ ಮುಗುದ್ರೆ ಬೀಸಿದ್ದನ್ನೇ ಬೀಸೋಳು."

ನನಗೆ ಥಟ್ಟನೆ ಆ ಚಳಿಗಾಲದ ಮುದ್ದೆ ನೆನಪಾಯಿತು. ನುಣ್ಣಗೆ, ಗಂಟಲಲ್ಲಿ ಜಾರಿ ಹೋಗುವ ಮುದ್ದೆ. "ಇಷ್ಟೊಂದು ಹಿಟ್ಟು ಯಾಕೇ ಮಾಡ್ತೀಯ, ಮುಗ್ಗಲಾಗ್ತದೆ" ಅಂತ ಅಜ್ಜಿ ಬಯ್ಯುತ್ತಿದ್ದದ್ದೂ ನೆನಪಾಯಿತು. ಅದೇ ಹಿಟ್ಟಿನ ಮುದ್ದೆಯನ್ನು ಅವರೇಕಾಳು ಸಾರಿನಲ್ಲಿ ಅದ್ದಿ ಉಂಡು, ಅತ್ತೆ ಕೈ ಹದ ಅಂತ ಹೊಗಳಿದವನು ನಾನು. ಮಾವನ ಕಡೆ ನೋಡಿದೆ. ಮಾವ ರಸ್ತೆ ನೋಡುತ್ತಿದ್ದರು. ಬೀಸುಕಲ್ಲಿನ ವಿಷಯ ಅವರಿಗೂ ಹೊಸದು ಅಂತ ಕಿವಿ ಕೆಂಪಾದದ್ದರಲ್ಲೇ ತಿಳಿಯಿತು.

ಇಲ್ಲೊಂದು ಮಾತು ಅಡ್ಡ ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ಕೆರೆ ಏರಿ ಮೇಲೆ ವೀರಗಲ್ಲೊಂದಿದೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲಿ ಹೋದರೂ ಇಂಥವು ಸಿಗುತ್ತವೆ. ಕೆಳಗಿನ ಸಾಲಲ್ಲಿ ಕಾಳಗ, ನಡುವೆ ವೀರನನ್ನು ಕೈಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಗಂಡನ ಹಿಂದೆ ಚಿತೆ ಏರಿದವಳಿಗೂ ಕಲ್ಲುಂಟು, ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು. ಸತ್ತವನ ಮನೆಗೆ ದೊರೆಗಳು ನೆತ್ತರುಗೊಡಗೆ ಅಂತ ಹೊಲ ಬಿಟ್ಟುಕೊಟ್ಟದ್ದನ್ನು ಹಳೆಯ ಶಾಸನಗಳು ಹೇಳುತ್ತವೆ. ಒಳ್ಳೆಯದೇ. ಆದರೆ ಆ ಹೊಲ ಉಳುಮೆ ಮಾಡಿಸಿ, ಮಕ್ಕಳನ್ನು ಸಾಕಿ, ಇನ್ನೂ ನಲವತ್ತು ವರ್ಷ ಬದುಕಿದವಳ ಕಲ್ಲನ್ನು ನಾನೆಲ್ಲೂ ಕಂಡಿಲ್ಲ. ಕೆತ್ತುವವನಿಗೆ ಅವಳ ಕೈಗೆ ಏನು ಕೊಡಬೇಕು ಅಂತ ತೋಚಲಿಲ್ಲವೋ ಏನೋ. ಬೀಸುಕಲ್ಲಿನ ಗೂಟ ಕೊಡಬಹುದಾಗಿತ್ತು.

ಅಷ್ಟರಲ್ಲಿ ವಾಹನ ಬಂತು. ಹೂವಿನಿಂದ ಮುಚ್ಚಿತ್ತು ಅಂತ ನನ್ನ ನೆನಪು, ಮಾವ ಮಾತ್ರ ಬಾವುಟ ಬಿಟ್ಟು ಬೇರೇನೂ ಕಾಣಲಿಲ್ಲ ಅನ್ನೋರು. ಜನ ಜೈಕಾರ ಹಾಕಿದರು. ಮಾವನ ಕೈ ಹಣೆಗೆ ಏರಿತು. ಮಂಡಿ ನೋವಿನ ಮನುಷ್ಯ ಗೂಟ ಹೊಡೆದ ಹಾಗೆ ನಿಂತರು. ಅತ್ತೆ ವಾಹನವನ್ನು ನೋಡಲೇ ಇಲ್ಲ. ಹಿಂದೆ ಬರುತ್ತಿದ್ದ ಕಾರುಗಳ ಕಿಟಕಿಗಳಲ್ಲೇ ಅವರ ಕಣ್ಣು.

"ಹೆತ್ತವಳು ಯಾವುದರಲ್ಲವಳೆ?"

ಗಾಜು ಏರಿಸಿತ್ತು, ಕಾಣಲಿಲ್ಲ. ಕನಕಾಂಬರ ಅವರ ಕೈಯಲ್ಲೇ ಉಳಿಯಿತು. ಅದನ್ನು ಬಂದೋಬಸ್ತಿಗೆ ಬೆಳಗಿನಿಂದ ನಿಂತಿದ್ದ ಹೆಣ್ಣು ಪೇದೆಗೆ ಕೊಟ್ಟು, "ಮುಡ್ಕಳವ್ವ, ಬಾಡೋಗ್ತದೆ" ಅಂದರು. ಆ ಹುಡುಗಿ ಕಕ್ಕಾಬಿಕ್ಕಿಯಾಗಿ ಇಸಕೊಂಡಳು.

ವಾಪಸು ಬರುವಾಗ ದೇವನಹಳ್ಳಿಯಲ್ಲಿ ಒಂದು ಹೋಟೆಲಿಗೆ ಹೊಕ್ಕೆವು. ತಟ್ಟೆ ಇಡ್ಲಿ, ಕಾಯಿ ಚಟ್ನಿ. ನನ್ನ ಗುಲಾಬಿ ನೋಟು ಕಂಡು ಗಲ್ಲಾದವನು ಕೈ ಮುಗಿದ. ಚಿಲ್ಲರೆ ಎಲ್ಲಿಂದ ತರಲಿ ಸಾರ್? ಆಮೇಲೆ ಮಾವನ ಎದೆ ಕಡೆ ನೋಡಿ, "ನಾಳೆ ಕೊಡಿ, ನಾಳಿದ್ದು ಕೊಡಿ" ಅಂದ. ಮಾವನಿಗೆ ಸಾಲ ಅಂದರೆ ಆಗದು. ಅತ್ತೆ ಸೊಂಟದ ಸಂಚಿ ಬಿಚ್ಚಿ, ಹತ್ತರ ನೋಟುಗಳನ್ನು ಒಂದೊಂದಾಗಿ ಎಣಿಸಿ ಇಟ್ಟರು. ದೇಶವೆಲ್ಲ ಸಾಲಲ್ಲಿ ನಿಂತಿದ್ದಾಗ ಆ ಸಂಚಿಯಲ್ಲಿ ಅಷ್ಟೊಂದು ಚಿಲ್ಲರೆ ಎಲ್ಲಿಂದ ಬಂತು ಅನ್ನೋದು ಈಗಲೂ ಗುಟ್ಟು.

ಅಕ್ಷಯ್ ಅವರ ಪತ್ನಿ ಸಂಗೀತಾ ಆಮೇಲೆ ಬರೆದದ್ದನ್ನು ನಾನು ಓದಿದೆ. ಗಂಡನ ಜಾಕೆಟ್ಟನ್ನು ಒಗೆಯದೆ ಇಟ್ಟುಕೊಂಡಿದ್ದರಂತೆ, ತೀರಾ ನೆನಪಾದಾಗ ತೊಟ್ಟುಕೊಳ್ಳುತ್ತಿದ್ದರಂತೆ. ಮಗಳಿಗೆ ಆಗ ಮೂರು ವರ್ಷ. ಅಕ್ಷಯ್ ಅವರ ಅಪ್ಪ ಅಮ್ಮ ಮಗನ ಹೆಸರಲ್ಲಿ ಟ್ರಸ್ಟ್ ಕಟ್ಟಿ, ತಮ್ಮ ಹಾಗೆಯೇ ಕಳೆದುಕೊಂಡ ಬೇರೆ ಮನೆಗಳಿಗೆ ಹೆಗಲಾದರು. ಇದನ್ನು ಅತ್ತೆಗೆ ಓದಿ ಹೇಳಿದೆ. ಜಾಕೆಟ್ಟಿನ ಮಾತು ಬಂದಾಗ ಮತ್ತೊಮ್ಮೆ ಓದು ಅಂದರು.

ಸಾದಹಳ್ಳಿಗೆ ಹೋಗಿ ಬಂದ ಮುಂದಿನ ವಾರವೇ ಸೇನಾಪಡೆಗಳ ಧ್ವಜ ದಿನ ಬಂತು. ಡಿಸೆಂಬರ್ 7, 1949ರಿಂದ ನಡೆದುಬಂದದ್ದು. ಸ್ಕೂಲ್ ಹುಡುಗರು ಡಬ್ಬಿ ಅಲ್ಲಾಡಿಸುತ್ತಾ ಬಂದರು, ಕೈಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಪುಟ್ಟ ಬಾವುಟಗಳು. ಪ್ರತಿ ವರ್ಷದ ಹಾಗೆ ಮಾವ ಬೆನ್ನು ನೆಟ್ಟಗೆ ಮಾಡಿ ಅಂಗಿ ಜೇಬು ಮುಂದೊಡ್ಡಿದರು. ಅತ್ತೆ ಡಬ್ಬಿಗೆ ದುಡ್ಡು ಹಾಕಿ, ಹುಡುಗನ ಕೈಯಿಂದ ಬಾವುಟ ಇಸಕೊಂಡು, ತಮ್ಮ ಸೆರಗಿಗೇ ಚುಚ್ಚಿಕೊಂಡರು.

"ತಾತಂಗೆ?" ಅಂದ ಹುಡುಗ.

"ಅವರಿಗ್ಯಾಕೆ? ಅವರಿಗೆ ಸರ್ಕಾರದೋರು ಆಗ್ಲೇ ಕೊಟ್ಟವರೆ."

ಮಾವ ಕೊಂಚ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗನಿಗೆ, "ನೋಡ್ಲಾ, ಓರೆ ಆಗೈತೆ, ನೆಟ್ಟಗೆ ಚುಚ್ಚು ಅವ್ವಂಗೆ" ಅಂದರು.