ಹನ್ನೆರಡು ತಿಂಗಳ ಕಾವ್ಯವಾಚನ



ಪ್ರಾಚೀನ ಕನ್ನಡ ಕಾವ್ಯಗಳನ್ನು ಹೊಗಳುವವರು ನಮ್ಮಲ್ಲಿ ಹೇರಳ, ಓದುವವರು ವಿರಳ. ಮಠದ ಪ್ರಸಾದನಿಲಯದಲ್ಲಿದ್ದು ಕಲಿತ ತಮ್ಮಲ್ಲಿ ಅನೇಕರಿಗೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಾಲ್ಕಾರು ಪದ್ಯಗಳು ಇಂದಿಗೂ ನೆನಪಿದ್ದಾವು. ಆ ಪದ್ಯಗಳ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂದು ಮೊಮ್ಮಕ್ಕಳು ಕೇಳಿದರೆ ತಾವು ಏನು ಹೇಳುವಿರಿ? ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಮೇಲೆ ಈ ಪ್ರಶ್ನೆ ನನ್ನನ್ನು ಒಂದು ವ್ರತಕ್ಕೆ ತೊಡಗಿಸಿತು. ಯುಗಾದಿಯಿಂದ ಯುಗಾದಿಯವರೆಗೆ ಪ್ರತಿದಿನ ದೀಪ ಹಚ್ಚಿದ ಮೇಲೆ ಒಂದು ಗಂಟೆ ಕಾವ್ಯವನ್ನೇ ಓದತಕ್ಕದ್ದು, ಗಟ್ಟಿಯಾಗಿ ಓದತಕ್ಕದ್ದು, ಕೇಳಬಂದವರಿಗೆ ಜಗಲಿಯಲ್ಲಿ ಚಾಪೆ ಹಾಸತಕ್ಕದ್ದು.

ನಮ್ಮದು ಚಳ್ಳಕೆರೆ ತಾಲ್ಲೂಕಿನ ತಳಕು. ಮಳೆ ಕಡಮೆ; ಶೇಂಗಾ, ಕುರಿ, ಕಂಬಳಿಗಳ ಸೀಮೆ. ಆದರೆ ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಮೂಲ ಈ ಊರೇ ಎಂಬುದು ಸರ್ವವಿದಿತ. ಅವರ ತಂದೆಯ ಸೋದರರಾದ ಟಿ.ಎಸ್. ವೆಂಕಣ್ಣಯ್ಯನವರೂ ತ.ಸು. ಶಾಮರಾಯರೂ ಹಳೆಯ ಕಾವ್ಯಗಳಿಗೆ, ಅದರಲ್ಲೂ ವೀರಶೈವ ಸಾಹಿತ್ಯಕ್ಕೆ, ಸಲ್ಲಿಸಿದ ಸೇವೆ ಅಸಾಧಾರಣವಾದದ್ದು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿಕೊಟ್ಟವರು ವೆಂಕಣ್ಣಯ್ಯನವರು. ಶಿವಶರಣ ಕಥಾರತ್ನಕೋಶವನ್ನು ರಚಿಸಿದವರು ಶಾಮರಾಯರು. ಈರ್ವರೂ ಹುಟ್ಟಿನಿಂದ ಆ ಮತದವರಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ವೆಂಕಣ್ಣಯ್ಯನವರು ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಸಂಗ್ರಹಿಸಿದರು. ಸಂಗ್ರಹಗಳೆಂದರೆ ಮೂಗು ಮುರಿಯುವ ಪಂಡಿತರುಂಟು. ನಾನು ಅವರ ಪಕ್ಷದವನಲ್ಲ. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರು ಸಾಮಾನ್ಯ ಓದುಗನಿಗಾಗಿ ಈ ಕೆಲಸಕ್ಕೆ ಕುಳಿತರೆಂದರೆ, ಅದು ಪಾಂಡಿತ್ಯದ ಔದಾರ್ಯವೇ ಸರಿ.

ಆರಂಭ ವಡ್ಡಾರಾಧನೆಯಿಂದ. ಗದ್ಯವಾದ್ದರಿಂದ ಐದಾರು ಮಂದಿ ಬಂದರು. ಪಂಪಭಾರತ ಬಂದೊಡನೆ ಜಗಲಿ ಬರಿದಾಯಿತು! ಆ ಕಾವ್ಯಕ್ಕೆ ಎರಡು ತಿಂಗಳು ಹಿಡಿಯಿತು. ಡಿ.ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ ಒಂದು ತೊಡೆಯ ಮೇಲೆ, ಮೂಲ ಇನ್ನೊಂದರ ಮೇಲೆ. ರನ್ನನ ಗದಾಯುದ್ಧಕ್ಕೆ ಮಾತ್ರ ಹುಡುಗರೂ ಬಂದು ನಿಂತರು. ಗಟ್ಟಿಯಾಗಿ ಓದಿದಾಗಲೇ ಆ ಕಾವ್ಯದ ಗದೆಗೆ ತೂಕ ಬರುವುದು. ಜನ್ನನ ಯಶೋಧರಚರಿತೆ ಕೆಲವೇ ದಿನಗಳಲ್ಲಿ ಮುಗಿಯಿತು.

ಶ್ರಾವಣದಲ್ಲಿ ಚಾಮರಸನ ಪ್ರಭುಲಿಂಗಲೀಲೆ. ೨೫ ಗತಿಗಳು, ೧,೧೧೧ ಪದ್ಯಗಳು. ಭಾಮಿನಿಯ ಓಟಕ್ಕೆ ತಿಂಗಳು ಹೋದದ್ದೇ ತಿಳಿಯಲಿಲ್ಲ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುವ ಸಂದರ್ಭ ತಮಗೆ ತಿಳಿದಿದೆ. ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾರೆ. ಪ್ರಭುಗಳು ಬಂದು, ನಿಮ್ಮ ಒಡ್ಡ ಎಲ್ಲಿ ಎಂದು ಕೇಳುತ್ತಾರೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಪುಣ್ಯಕಾರ್ಯದ ಅಭಿಮಾನವೂ ಬಂಧನವೇ ಎಂಬ ತತ್ತ್ವವನ್ನು ನಾನು ವಿವರಿಸಿದೆ. ಮೂಲೆಯಲ್ಲಿದ್ದ ಶೇಂಗಾ ಬೆಳೆಗಾರನೊಬ್ಬ ಒಪ್ಪಲಿಲ್ಲ. "ಪ್ರಭುದೇವರು ನಮ್ಮೂರಾಗೆ ಒಂದು ಬ್ಯಾಸಿಗೆ ಇದ್ದಿದ್ರೆ ಹಂಗಂತಿರಲಿಲ್ಲ ಮೇಷ್ಟ್ರೇ" ಎಂದುಬಿಟ್ಟ. ಯಾರೂ ನಗಲಿಲ್ಲ. ಆ ವರ್ಷವೂ ಕೆರೆಗೆ ನೀರು ಬಂದಿರಲಿಲ್ಲ.

ಮಹಾಶಯರೇ, ಆ ಮಾತಿಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಆದರೆ ಮುಂದಿನ ಸರದಿ ರಾಘವಾಂಕನದಾಗಿತ್ತು. ಹರಿಶ್ಚಂದ್ರನ ಕಥೆ ಶೇಂಗಾ ಕೀಳುವ ಸುಗ್ಗಿಯಲ್ಲಿ ನಡೆಯಿತು. ದಣಿದು ಬಂದವರು ಮಲಗಿದಲ್ಲಿಂದಲೇ ಕೇಳಿದರು. ಬಳಿಕ ಸಿದ್ಧರಾಮಚಾರಿತ್ರ. ಹೊಲದಲ್ಲಿದ್ದ ಮುಗ್ಧ ಬಾಲಕ ಮಲ್ಲಯ್ಯನಿಗೆಂದು ಮನೆಗೋಡಿ ಮಜ್ಜಿಗೆಯನ್ನ ತರುತ್ತಾನೆ. ಬಂದು ನೋಡಿದರೆ ಮಲ್ಲಯ್ಯನಿಲ್ಲ. ಹೆಸರು ಕೂಗುತ್ತ, ಅಳುತ್ತ ಶ್ರೀಶೈಲದವರೆಗೂ ಹೋಗುತ್ತಾನೆ. ಆ ಭಾಗವನ್ನು ಓದುವಾಗ ನನ್ನ ಕಂಠ ಎರಡು ಸಲ ಕಟ್ಟಿತು; ಕೇಳುವವರ ಗತಿಯನ್ನು ಹೇಳಬೇಕಾದ್ದಿಲ್ಲ. ಆಗ ಹೊಳೆಯಿತು: ಚಾಮರಸನಲ್ಲಿ ನಾವು ಕಂಡದ್ದು ಕೆರೆ ಕಟ್ಟಿಸುವ ದೊಡ್ಡವನನ್ನು. ಕೈಯಲ್ಲಿ ಅನ್ನ ಹಿಡಿದು ಅಲೆದ ಈ ಹುಡುಗನೇ ಬೆಳೆದು ಊರಿಗೆಲ್ಲ ನೀರು ಕೂಡಿಡಲು ಹೊರಟವನು. ಪ್ರಭುಗಳು ಕೆಣಕಿದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಆ ದೊಡ್ಡವನನ್ನು. ಇದನ್ನು ಹೇಳಿದಾಗ ನಮ್ಮ ಬೆಳೆಗಾರ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೆರೆ ಇರಲಿ" ಎಂದ. ಒಂದೇ ವರ್ಷದಲ್ಲಿ ಬೆನ್ನುಬೆನ್ನಿಗೆ ಓದದಿದ್ದರೆ ಈ ಇಬ್ಬರು ಕವಿಗಳು ನಮ್ಮ ಜಗಲಿಯಲ್ಲಿ ಎದುರುಬದುರಾಗುತ್ತಿರಲಿಲ್ಲ.

ಲಕ್ಷ್ಮೀಶನ ಜೈಮಿನಿ ಭಾರತ ಓದುವಾಗ ಓಣಿಯ ವೃದ್ಧೆಯೊಬ್ಬರು ನಿತ್ಯ ಬಂದರು. ಅಕ್ಷರ ಬಾರದವರು. ಚಂದ್ರಹಾಸನ ಕಥೆಯಲ್ಲಿ ನಾನು ಉಸಿರಿಗೆಂದು ನಿಲ್ಲಿಸಿದರೆ ಪದ್ಯದ ಉಳಿದರ್ಧವನ್ನು ಅವರೇ ಹೇಳಿ ಮುಗಿಸುತ್ತಿದ್ದರು! ಬಾಲ್ಯದಲ್ಲಿ ಕೇಳಿದ್ದಂತೆ. ಕುಮಾರವ್ಯಾಸನಲ್ಲಿ ಉದ್ಯೋಗ, ಕರ್ಣ ಪರ್ವಗಳನ್ನಷ್ಟೆ ಓದಲು ಸಮಯವಿತ್ತು.

ಫಾಲ್ಗುಣಕ್ಕೆ, ಪ್ರಾಚೀನವೆಂಬ ಕಟ್ಟಳೆಯನ್ನು ಸಡಿಲಿಸಿ, ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯದ ಆಯ್ದ ಸಂಚಿಕೆಗಳನ್ನು ಇಟ್ಟುಕೊಂಡಿದ್ದೆ. ಕುವೆಂಪು ಅದನ್ನು ಅರ್ಪಿಸಿರುವುದು ೧೯೩೯ರಲ್ಲಿ ಅಗಲಿದ ತಮ್ಮ ಗುರು ವೆಂಕಣ್ಣಯ್ಯನವರಿಗೆ. ಅರ್ಪಣೆಯನ್ನು ಓದಿ, ಇವರು ನಮ್ಮೂರ ಮನೆತನದವರೆಂದು ಹೇಳಿದೆ. ಯಾವ ಮನೆ, ಯಾವ ಓಣಿ ಎಂಬ ಚರ್ಚೆ ಎದ್ದು ಆ ಸಂಜೆ ಓದು ಮುಂದೆ ಸಾಗಲಿಲ್ಲ. ಯುಗಾದಿಯ ಮರುದಿನ ಚಾಪೆಗಳನ್ನು ಸುತ್ತಿಡುತ್ತಿದ್ದಾಗ ಬೆಳೆಗಾರ ಬಂದು, ಮಜ್ಜಿಗೆ ಒಯ್ದ ಹುಡುಗನ ಕಥೆಯನ್ನು ತನ್ನ ಮಗನಿಗೂ ಕೇಳಿಸಬೇಕೆಂದ. ಚಾಪೆಯನ್ನು ಮತ್ತೆ ಹಾಸಿದೆವು.