ಸಕ್ಕರೆ ಡಬ್ಬ ಇದ್ದವರು

ಸುಮಾತ್ರಾದ ಹೆಂಗಸರ ಸೆರೆಶಿಬಿರದ ಬಗ್ಗೆ ಓದುವಾಗಲೆಲ್ಲ ನಾನು ಹಾಡುವವರ ಸಾಲಿಗೆ ಹೋಗಿ ನಿಂತುಬಿಡುತ್ತೇನೆ, ಯಾರೂ ಕರೆಯದಿದ್ದರೂ. 1943ರ ಡಿಸೆಂಬರ್ ಕೊನೆ, ಪಾಲೆಂಬಾಂಗ್. ಜಪಾನಿಯರ ಸೆರೆಯಲ್ಲಿದ್ದ ಬ್ರಿಟಿಷ್, ಡಚ್, ಆಸ್ಟ್ರೇಲಿಯನ್ ಹೆಂಗಸರಲ್ಲಿ ಸುಮಾರು 30 ಜನ ಸೇರಿ, ವಾದ್ಯವಿಲ್ಲದೆ, ಸಾಹಿತ್ಯವಿಲ್ಲದೆ, ಬರೀ ಕಂಠದಿಂದ ದ್ವೊರ್ಝಾಕ್‌ನ ಸಿಂಫನಿಯ ಒಂದು ಭಾಗವನ್ನು ಹಾಡಿದರು. ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಸ್ವರಗಳನ್ನು ನೆನಪಿನಿಂದಲೇ ಬರೆದುಕೊಟ್ಟಿದ್ದರು, ನೋರಾ ಚೇಂಬರ್ಸ್ ಮುಂದೆ ನಿಂತು ಹಾಡಿಸಿದರು. ಗದರಲು ಬಂದ ಕಾವಲುಗಾರನೂ ನಿಂತು ಕೇಳಿದನಂತೆ. ಇಂಥ ಕಥೆಯಲ್ಲಿ ಒಂದು ಪಾತ್ರ ಯಾರಿಗೆ ಬೇಡ? ನನ್ನ ಗಂಟಲಿಗೆ ಶ್ರುತಿ ಎಂದೂ ದಕ್ಕಿಲ್ಲ, ಆ ಮಾತು ಬೇರೆ.

ಆದರೆ ಆ ಶಿಬಿರದಲ್ಲಿ ಹಾಡು ಒಂದು ಸಂಜೆಯದು, ಹಸಿವು ದಿನವಿಡೀ ಇದ್ದದ್ದು. ಕಲ್ಲು, ಹುಳ ತುಂಬಿದ ಅಕ್ಕಿಯನ್ನು ಆರಿಸಬೇಕು, ಸೌದೆ ಸೀಳಬೇಕು, ನೀರು ಹೊರಬೇಕು, ಕಕ್ಕಸು ಗುಂಡಿ ತುಂಬಿದರೆ ಕರಟದಲ್ಲಿ ಮೊಗೆದು ಹೊರಗೆ ಸುರಿಯಬೇಕು. ಎಲ್ಲವನ್ನೂ ಮಾಡಬೇಕಾದವರು ಅದೇ ಹೆಂಗಸರು. ಆ ಸಾಲಿನಲ್ಲಿ ನಾನು ಒಮ್ಮೆಯೂ ನಿಂತುಕೊಂಡಿಲ್ಲ.

ಅಲ್ಲಿ ಎಲ್ಲರೂ ಒಂದೇ ಥರ ಬಡವರಾಗಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿಟ್ಟು ಹೊರಟ ವೈನರ್ ಬ್ರೂಕ್ ಹಡಗಿನ ಮೇಲೆ ಬಾಂಬು ಬಿತ್ತು. ಅದರಲ್ಲಿದ್ದ 65 ಆಸ್ಟ್ರೇಲಿಯನ್ ನರ್ಸುಗಳಲ್ಲಿ 12 ಜನ ಸಮುದ್ರಪಾಲಾದರು, 21 ಜನರನ್ನು ಬಂಕಾ ದ್ವೀಪದ ದಂಡೆಯಲ್ಲಿ ಗುಂಡಿಟ್ಟು ಕೊಂದರು. ಉಳಿದ 32 ಜನ ಶಿಬಿರಕ್ಕೆ ಬಂದದ್ದು ಹೆಚ್ಚುಕಡಿಮೆ ಉಟ್ಟ ಬಟ್ಟೆಯಲ್ಲಿ. ಡಚ್ ಹೆಂಗಸರು ಬಂದದ್ದು ತಮ್ಮ ತಮ್ಮ ಮನೆಗಳಿಂದ. ಅವರಲ್ಲಿ ಅನೇಕರ ಹತ್ತಿರ ಹಾಸಿಗೆ, ಪಾತ್ರೆ, ದುಡ್ಡು ಇತ್ತು. ಹೀಗಾಗಿ ನರ್ಸುಗಳು ಇದ್ದವರ ತಲೆಗೂದಲು ಕತ್ತರಿಸಿದರು, ಹುಲ್ಲಿನ ಟೊಪ್ಪಿ ಹೆಣೆದುಕೊಟ್ಟರು. ಸಿಕ್ಕ ಪುಡಿಗಾಸಿನಲ್ಲಿ ತಿನ್ನಲು ಏನಾದರೂ ಕೊಂಡರು.

ಇದ್ದವರು ಕೆಟ್ಟವರೆಂದು ನಾನು ಹೇಳಲಾರೆ. ಮಡಿಲಲ್ಲಿ ಮಗುವಿದೆ, ಯುದ್ಧ ಎಂದು ಮುಗಿಯುತ್ತದೋ ಗೊತ್ತಿಲ್ಲ. ಡಬ್ಬದ ತಳದ ಸಕ್ಕರೆಯನ್ನು ಯಾವ ತಾಯಿ ಎತ್ತಿ ಕೊಟ್ಟಾಳು? ಇಷ್ಟು ಸಲೀಸಾಗಿ ನಾನು ಅವರ ವಕಾಲತ್ತು ವಹಿಸುವುದಕ್ಕೆ ಕಾರಣವೂ ಇದೆ. ನಾನು ಅವರ ಪೈಕಿ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮನೆಯ ತೊಗರಿಬೇಳೆ ಡಬ್ಬದಲ್ಲಿ ಎಷ್ಟಿದೆ ಎಂದು ಮುಚ್ಚಳ ತೆಗೆಯದೆ, ಅಲ್ಲಾಡಿಸಿಯೇ ಹೇಳಬಲ್ಲವಳಾಗಿದ್ದೆ. ಕೆಲಸದಾಕೆಗೆ ಅಕ್ಕಿ ಕೊಟ್ಟೆ, ನಿಜ. ಎರಡು ಮೂಟೆಯಲ್ಲಿ ಹಳೆಯದು ಯಾವುದೆಂದು ಮೂಸಿ ನೋಡಿ, ಹುಳ ಬೀಳುವ ಮುಂಚೆ ಖರ್ಚಾಗಲಿ ಎಂದು ಅದನ್ನೇ ಕೊಟ್ಟೆ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಕ್ಕಾ" ಅಂದಳು. ಆ ಮಾತನ್ನು ಸಂಕೋಚವಿಲ್ಲದೆ ಇಸಿದುಕೊಂಡೆ. ಅಡುಗೆಮನೆ ತುಂಬಿತ್ತು, ಯಾರೂ ನನ್ನ ಮೇಲೆ ಬಂದೂಕು ಹಿಡಿದಿರಲಿಲ್ಲ.

ಹಾಡು ನಿಂತದ್ದು ಯಾರ ಅಪ್ಪಣೆಯಿಂದಲೂ ಅಲ್ಲ. 1944ರ ಅಕ್ಟೋಬರಿನಲ್ಲಿ ಅವರನ್ನೆಲ್ಲ ಬಂಕಾದ ಮುಂಟೋಕ್‌ಗೆ ಸಾಗಿಸಿದರು. ಮಲೇರಿಯಾ, ಬೆರಿಬೆರಿ, ಆಮಶಂಕೆ ಒಬ್ಬೊಬ್ಬರನ್ನೇ ಎಳೆದುಕೊಂಡವು. ಗುಂಡಿ ತೋಡಿ ಹೂಳುವವರೂ ಕಾಯಿಲೆಯವರೇ. 1945ರ ಏಪ್ರಿಲ್‌ನಲ್ಲಿ ಮತ್ತೆ ಸುಮಾತ್ರಾದ ಬೆಲಲಾವು ಎಂಬಲ್ಲಿಗೆ ಕರೆತಂದಾಗ ಡ್ರೈಬರ್ಗ್ ತೀರಿಕೊಂಡರು. ಅಷ್ಟರಲ್ಲಿ ಗಾಯಕಿಯರಲ್ಲಿ ಅರ್ಧದಷ್ಟು ಜನ ಹೋಗಿದ್ದರು, ಉಳಿದವರಲ್ಲಿ ಹಾಡುವ ತ್ರಾಣವಿರಲಿಲ್ಲ. ನರ್ಸುಗಳಲ್ಲಿ ಊರಿಗೆ ಮರಳಿದವರು 24.

ಆ ಶಿಬಿರದಲ್ಲಿ ನಾನಿದ್ದಿದ್ದರೆ ಹಾಡು ಕೇಳಿ ಅಳುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಮಾರನೆಯ ಬೆಳಿಗ್ಗೆ, ಕೂದಲು ಕತ್ತರಿಸಲು ಬಂದ ನರ್ಸಿನ ಹತ್ತಿರ ಎರಡು ಕಾಸು ಕಡಿಮೆ ಮಾಡಿಕೊಳ್ಳಮ್ಮ ಎಂದೂ ಕೇಳುತ್ತಿದ್ದೆ.